ಅನುದಾನ ಮುಗಿದ ಮೇಲೆ



ದೀಪ ಹಚ್ಚಿದ್ದಾಯಿತು. ಇನ್ನು ಭಾಷಣ ಚಿಕ್ಕದಾದಷ್ಟೂ ವಿದ್ಯಾರ್ಥಿಗಳ ಮಳಿಗೆಗಳಿಗೆ ಒಳ್ಳೆಯದು.

‘ಬಡವರಿಗಾಗಿ ಮಾಹಿತಿ ತಂತ್ರಜ್ಞಾನ’ ಎಂದು ಬ್ಯಾನರ್ ಕಟ್ಟಿದ್ದೀರಿ. ಇಂಥ ಯೋಜನೆಗಳಲ್ಲಿ ಹೆಚ್ಚಿನವು ಅನುದಾನದ ಜೊತೆಗೇ ಕಣ್ಣು ಮುಚ್ಚುತ್ತವೆ. ಬಾಳಿದ ಒಂದನ್ನು ನೀವೆಲ್ಲ ಬಲ್ಲಿರಿ: ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ಕಂದಾಯ ಇಲಾಖೆಯ ‘ಭೂಮಿ’. ಅದಕ್ಕೆ ಮೊದಲು ಪಹಣಿ ಬೇಕೆಂದರೆ ಗ್ರಾಮಲೆಕ್ಕಿಗರು ಸಿಗುವ ದಿನ ಕಾಯಬೇಕಿತ್ತು. ಸಿಕ್ಕರೂ ಎಷ್ಟೋ ಕಡೆ ಕೈ ಬೆಚ್ಚಗೆ ಮಾಡಬೇಕಿತ್ತು. ‘ಭೂಮಿ’ ಬಂದಾಗ ತಾಲ್ಲೂಕು ಕಚೇರಿಯ ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯ ಪ್ರಿಂಟು ಕೈಗೆ. ಆ ಕೇಂದ್ರಗಳಲ್ಲಿ ಕಂಪ್ಯೂಟರಿನ ಇನ್ನೊಂದು ಪರದೆ ಇರುತ್ತಿತ್ತು, ರೈತನ ಕಡೆಗೆ ಮುಖ ಮಾಡಿ. ಒಳಗೆ ಕೂತವರು ಏನು ಒತ್ತುತ್ತಿದ್ದಾರೆಂದು ಹೊರಗೆ ನಿಂತವನಿಗೂ ಕಾಣಲಿ ಎಂದು. ಇಡೀ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಆ ಪರದೆಯೇ.

ಆದರೆ ‘ಭೂಮಿ’ಯನ್ನು ಉಳಿಸಿದ್ದು ಪರದೆಯಲ್ಲ. ಆ 15 ರೂಪಾಯಿಯಲ್ಲಿ ಕೇಂದ್ರದ ದಿನನಿತ್ಯದ ಖರ್ಚು ನೀಗುತ್ತಿತ್ತು. ಜೊತೆಗೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಖಡಾಖಂಡಿತವಾಗಿ ಹೇಳಿತು. ಹಳೆಯ ದಾರಿಗೆ ಬೇಲಿ ಬಿತ್ತು.

ಹಾಗೆಂದು ಅದು ಬಡವರ ಯೋಜನೆಯೇ? ಅರ್ಧ ಮಾತ್ರ. ಪಹಣಿ ಜಮೀನು ಉಳ್ಳವರ ಕಾಗದ. ಜಮೀನಿಲ್ಲದ ಕೂಲಿಯವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಬಾಯಿಮಾತಿನ ಗುತ್ತಿಗೆಯಲ್ಲಿ ಉಳುವವರ ಹೆಸರು ಅದರಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ. ದಾಖಲೆಯೊಳಗಿನ ತಪ್ಪನ್ನು ಕಂಪ್ಯೂಟರು ಇನ್ನಷ್ಟು ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ, ಅಷ್ಟೆ.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಇನ್ನೊಂದು ಬಗೆಯ ಕೆಲಸ ನಡೆಯಿತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಶುರುಮಾಡಿದ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲಿಯವರೆಗೆ ಕೈಕಟ್ಟಿ ಕೂರದೆ ಅವರು ಊರಿನ ಟಿವಿ ಕೇಬಲ್ಲಿನಲ್ಲೇ ದನಿ ಹರಿಸಿದರು. ಮನೆಗೆ ಬಂದಿದ್ದ ತಂತಿ, ಮನೆಯಲ್ಲಿದ್ದ ಟಿವಿ, ಮಾತಾಡುವವರು ಊರಿನವರೇ. ಹೊಸ ಯಂತ್ರಕ್ಕೆ ಆಸೆ ಪಡುವ ಮೊದಲು ಊರಲ್ಲಿ ಏನಿದೆ ಎಂದು ನೋಡಿದ್ದು ನನಗೆ ದೊಡ್ಡ ಬುದ್ಧಿವಂತಿಕೆಯಾಗಿ ಕಾಣುತ್ತದೆ.

ಈಗ ಇಲ್ಲಿನ ಮಾತು. ಬರುವಾಗ ಮೂರನೆಯ ಮಳಿಗೆಯಲ್ಲಿ ಮಣ್ಣಿನ ತೇವ ಅಳೆಯುವ ಪೆಟ್ಟಿಗೆ ನೋಡಿದೆ. ಚೆನ್ನಾಗಿದೆ. ಅದರ ಬ್ಯಾಟರಿ ಹೋದರೆ ಹೋಬಳಿಯ ಅಂಗಡಿಯಲ್ಲಿ ಸಿಗುತ್ತದೆಯೇ? ದುಡ್ಡು ಕೊಡುವವರು ಯಾರು, ರೈತರೋ ಸಂಘವೋ? ಮೂರನೆಯ ಮಳಿಗೆಯ ಮಕ್ಕಳೆ, ಉತ್ತರ ಸಿದ್ಧ ಮಾಡಿಕೊಳ್ಳಿ. ರಿಬ್ಬನ್ ಕತ್ತರಿಸಿದ ಕೂಡಲೇ ನೇರವಾಗಿ ನಿಮ್ಮ ಹತ್ತಿರವೇ ಬರುತ್ತೇನೆ.