ಜನನ ಪತ್ರ ಮತ್ತು ಕಡಲಾಚೆಯ ಮೊಹರು
(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಅಂದು ಗಿರಣಿಯ ಕೂಗಿಗೆ ಎದ್ದು ಪಾಳಿಗೆ ಹೋಗುತ್ತಿದ್ದವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಇಂದು ದುಬೈ, ಕುವೈತ್, ಮಸ್ಕತ್ತುಗಳಲ್ಲಿ ದುಡಿಯುತ್ತಿದ್ದಾರೆ. ಅವರು ಕಳಿಸುವ ಹಣದ ಮಾತು ಎಲ್ಲರ ಬಾಯಲ್ಲೂ ಇದೆ. ಅವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಪಡುವ ಪಾಡಿನ ಮಾತನ್ನು ಯಾರೂ ಆಡುವುದಿಲ್ಲ. ಇಂದು ನಾವು ಆಡಬೇಕಾಗಿರುವುದು ಅದೇ ಮಾತು.

ಮಗುವನ್ನು ಕರೆಸಿಕೊಳ್ಳಬೇಕಾದರೆ ಅಲ್ಲಿಯ ಸರ್ಕಾರ ಮೊದಲು ಕೇಳುವುದು ಜನನ ಪತ್ರವನ್ನು. ನಮ್ಮಲ್ಲಿ ನೋಂದಣಾಧಿಕಾರಿ ರುಜು ಹಾಕಿಕೊಟ್ಟ ಪತ್ರ ಇದ್ದ ಹಾಗೆಯೇ ಅಲ್ಲಿ ನಡೆಯುವುದಿಲ್ಲ. ಇಲ್ಲಿಯ ಅಧಿಕಾರಿಯ ರುಜು ಯಾವುದು, ಮೊಹರು ಯಾವುದು ಎಂದು ಕಡಲಾಚೆಯವರಿಗೆ ಹೇಗೆ ತಿಳಿಯಬೇಕು? ಆದಕಾರಣ ಪತ್ರ ಮೆಟ್ಟಿಲು ಹತ್ತುತ್ತದೆ. ಮೊದಲು, ಅದನ್ನು ಕೊಟ್ಟ ರಾಜ್ಯದ ಗೃಹ ಖಾತೆ ಅಥವಾ ಸಾಮಾನ್ಯ ಆಡಳಿತ ಖಾತೆ ದೃಢೀಕರಿಸಬೇಕು. ಆ ಮೇಲೆ ಕೇಂದ್ರ ಸರ್ಕಾರದ ವಿದೇಶಾಂಗ ಖಾತೆ ತನ್ನ ಮುದ್ರೆ ಹಾಕಬೇಕು.

ಇಲ್ಲಿಂದ ದಾರಿ ಎರಡಾಗುತ್ತದೆ. 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಒಂದು ದೇಶದ ಸರ್ಕಾರಿ ಪತ್ರಕ್ಕೆ ಆ ದೇಶವೇ ನಿಗದಿಯಾದ ನಮೂನೆಯ ಒಂದು ಮುದ್ರೆ ಹಾಕಿದರೆ ಒಪ್ಪಂದಕ್ಕೆ ಸೇರಿದ ಮಿಕ್ಕ ದೇಶಗಳು ಅದನ್ನು ಮನ್ನಿಸಬೇಕು, ರಾಯಭಾರ ಕಚೇರಿಗಳಿಗೆ ಅಲೆಸಬಾರದು ಎಂಬುದೇ ಅದರ ತಿರುಳು. ಈ ಮುದ್ರೆಗೆ ಅಪೊಸ್ಟೀಲ್ ಎಂದು ಹೆಸರು. ಹತ್ತು ಅಂಕಣಗಳ ಚೌಕ ನಮೂನೆ ಅದು. ಭಾರತದ ಮಟ್ಟಿಗೆ ಈ ಒಪ್ಪಂದ 2005ರ ಜುಲೈ 14ರಿಂದ ಜಾರಿಗೆ ಬಂದಿತು. ಒಮಾನ್, ಬಹ್ರೇನ್ ಇದರಲ್ಲಿವೆ. ಸೌದಿ ಅರೇಬಿಯಾ 2022ರಲ್ಲಿ, ಚೀನಾ 2023ರಲ್ಲಿ, ಕೆನಡಾ 2024ರಲ್ಲಿ ಇದರೊಳಕ್ಕೆ ಬಂದವು. ಆದರೆ ದುಬೈ ಇರುವ ಅರಬ್ ಸಂಯುಕ್ತ ಸಂಸ್ಥಾನ, ಕುವೈತ್, ಕತಾರ್‌ಗಳು ಸೇರಿಲ್ಲ. ಆದ್ದರಿಂದ ಮಸ್ಕತ್ತಿಗೆ ಕಳಿಸುವ ಜನನ ಪತ್ರಕ್ಕೆ ಅಪೊಸ್ಟೀಲ್ ಸಾಕು. ದುಬೈಗೆ ಕಳಿಸುವುದಕ್ಕೆ ನಮ್ಮ ವಿದೇಶಾಂಗ ಖಾತೆಯ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕು, ಅಲ್ಲಿಗೆ ತಲುಪಿದ ಮೇಲೆ ಅವರ ವಿದೇಶಾಂಗ ಖಾತೆಯದೂ ಬೇಕು. ಯಾವ ದೇಶಕ್ಕೆ ಎಂಬುದನ್ನು ಕೇಳದೆಯೇ ಯಾರಾದರೂ ಹಣ ಕೇಳಿದರೆ ಅವರಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ನಿಮ್ಮ ಜೇಬು ಮಾತ್ರ ಗೊತ್ತು ಎಂದು ತಿಳಿಯಿರಿ.

ಹಣದ ಮಾತಿಗೆ ಬರೋಣ. ಅಪೊಸ್ಟೀಲ್‌ಗೆ ವಿದೇಶಾಂಗ ಖಾತೆ ಇಟ್ಟಿರುವ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ. ಒಪ್ಪಂದಕ್ಕೆ ಸೇರದ ದೇಶಗಳಿಗಾಗಿ ಮಾಡುವ ಸಾಮಾನ್ಯ ದೃಢೀಕರಣಕ್ಕೆ ಅದು ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. 2012ರಿಂದ ಖಾತೆಯು ಪತ್ರಗಳನ್ನು ಜನರಿಂದ ನೇರವಾಗಿ ಪಡೆಯುವುದನ್ನು ಬಿಟ್ಟು, ತಾನು ನೇಮಿಸಿದ ಏಜೆನ್ಸಿಗಳ ಮೂಲಕ ಪಡೆಯುತ್ತಿದೆ. ಅವರ ಸೇವಾ ಶುಲ್ಕ ಬೇರೆ, ಆದರೆ ಅದಕ್ಕೂ ಮಿತಿಯುಂಟು. ಏಜೆನ್ಸಿಗಳ ಹೆಸರೂ ದರವೂ ಗುಟ್ಟಲ್ಲ, ಖಾತೆಯೇ ಅವನ್ನು ಪ್ರಕಟಿಸುತ್ತದೆ. ಹೀಗಿರುವಾಗ ದಳ್ಳಾಳಿಗಳು ಸಾವಿರಗಟ್ಟಲೆ ಕೇಳುವುದು ಏಕೆ? ರಾಯಭಾರ ಕಚೇರಿಯ ಶುಲ್ಕ ದೊಡ್ಡದಿರಬಹುದು. ಅದು ಎಷ್ಟು, ಸರ್ಕಾರಕ್ಕೆ ಎಷ್ಟು, ತನಗೆ ಎಷ್ಟು ಎಂದು ಬಿಡಿಸಿ ಬರೆದುಕೊಡಲು ಅವನು ಏಕೆ ಹಿಂಜರಿಯಬೇಕು?

ಹಾಗೆಂದು ದಳ್ಳಾಳಿಯ ಬಳಿಗೆ ಹೋದವನನ್ನು ನಾವು ದೂರುವುದಿಲ್ಲ. ದಿನಗೂಲಿಯವನು ಬೆಂಗಳೂರಿಗೆ ಎರಡು ಸಲ ಹೋಗಿ ಬಂದರೆ ಬಸ್ ಛಾರ್ಜು ಒಂದು ಕಡೆ, ಕಳೆದುಕೊಂಡ ಕೂಲಿ ಇನ್ನೊಂದು ಕಡೆ. ಅಂಗಡಿಯವನು ಬಾಗಿಲು ಮುಚ್ಚಿದ ದಿನ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಅವನು ಲೆಕ್ಕ ಹಾಕಿಯೇ ದಳ್ಳಾಳಿಗೆ ಕೊಡುತ್ತಾನೆ. ತಪ್ಪು ಇರುವುದು ಅವನ ಲೆಕ್ಕದಲ್ಲಲ್ಲ, ಕಚೇರಿಯನ್ನು ಅವನಿಂದ ಅಷ್ಟು ದೂರ ಇಟ್ಟಿರುವ ವ್ಯವಸ್ಥೆಯಲ್ಲಿ. ದೂರವೇ ದಳ್ಳಾಳಿಯ ಬಂಡವಾಳ.

ಇನ್ನೊಂದು ಸಂಗತಿಯನ್ನು ಗಮನವಿಟ್ಟು ಕೇಳಬೇಕು. ಅಪೊಸ್ಟೀಲ್ ಏನು ಹೇಳುತ್ತದೆ? ಈ ರುಜು ಇಂಥ ಅಧಿಕಾರಿಯದು, ಅವನಿಗೆ ಈ ಅಧಿಕಾರವಿತ್ತು, ಈ ಮೊಹರು ನಿಜವಾದದ್ದು, ಇಷ್ಟೇ. ಒಳಗೆ ಬರೆದ ಹೆಸರು ಸರಿಯೇ, ತಾರೀಖು ಸರಿಯೇ ಎಂಬುದಕ್ಕೆ ಅದು ಜವಾಬ್ದಾರಿ ಹೊರುವುದಿಲ್ಲ. ಜನನ ಪತ್ರದಲ್ಲಿ ತಂದೆಯ ಹೆಸರು ಬಸಪ್ಪ ಎಂದಿದ್ದು ಪಾಸ್‌ಪೋರ್ಟಿನಲ್ಲಿ ಬಸವರಾಜ ಎಂದಿದ್ದರೆ, ಎಷ್ಟು ಮುದ್ರೆ ಒತ್ತಿಸಿದರೂ ತಪ್ಪು ತಪ್ಪಾಗಿಯೇ ಕಡಲು ದಾಟುತ್ತದೆ. ಆಗ ಖರ್ಚಾದ ಹಣ ನೀರಿಗೆ ಹೋಮ. ಆದ್ದರಿಂದ ನಮ್ಮ ಹೋರಾಟ ಮುದ್ರೆಯ ಬಳಿ ಅಲ್ಲ, ನೋಂದಣಿ ಪುಸ್ತಕದ ಬಳಿ ಆರಂಭವಾಗಬೇಕು.

1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಹುಟ್ಟಿದ 21 ದಿನಗಳೊಳಗೆ ಮಾಹಿತಿ ಕೊಟ್ಟರೆ ನೋಂದಣಿಗೆ ಶುಲ್ಕವಿಲ್ಲ, ಮೊದಲ ಪತ್ರವೂ ಉಚಿತ. 30 ದಿನಗಳೊಳಗಾದರೆ ತಡ ಶುಲ್ಕ ಕಟ್ಟಬೇಕು. ಅದು ದಾಟಿ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಹೆಸರಿಡುವ ಮುಂಚೆ ನೋಂದಾಯಿಸಿದ ಮಗುವಿನ ಹೆಸರನ್ನು ಆಮೇಲೆ ಸೇರಿಸಲು ಅವಕಾಶವುಂಟು, ತಪ್ಪನ್ನು ತಿದ್ದಿಸಲೂ ಅವಕಾಶವುಂಟು. ಇನ್ನು ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ನೋಂದಣಿಯಾಗುವುದು ಮಗು ಹುಟ್ಟಿದ ಊರಿನಲ್ಲಿ, ತಂದೆ ದುಡಿಯುವ ಊರಿನಲ್ಲಲ್ಲ. ಇದು ತಿಳಿಯದೆ ಇಲ್ಲಿಯ ಕಚೇರಿಯಲ್ಲಿ ಹುಡುಕಿಸಿ, ದಾಖಲೆಯೇ ಇಲ್ಲವೆಂದು ಕೈಚೆಲ್ಲುವವರಿದ್ದಾರೆ.

ಕಡಲಾಚೆಗೆ ಹೋಗದವರಿಗೆ ಇದರ ಗೊಡವೆ ಏಕೆ ಎನ್ನಬೇಡಿ. ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯಿಂದ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಮುಂತಾದವಕ್ಕೆ ಹುಟ್ಟಿದ ದಿನದ ಪುರಾವೆ ಜನನ ಪತ್ರವೇ. ಶ್ರೀಮಂತನ ಮಗುವಿನ ಪತ್ರ ಆಸ್ಪತ್ರೆಯಿಂದ ಮನೆಗೆ ತಾನಾಗಿ ಬಂದೀತು. ಹಮಾಲಿಯ ಮಗುವಿನದು ಪುಸ್ತಕದಲ್ಲಿಯೇ ಉಳಿದರೆ, ನಾಳೆ ಆ ಮಗು ಶಾಲೆಯ ಬಾಗಿಲಲ್ಲೇ ನಿಲ್ಲಬೇಕಾದೀತು.

ಆದುದರಿಂದ ನಾವು ಸರ್ಕಾರವನ್ನು ಕೇಳುವುದು ಭಿಕ್ಷೆಯಲ್ಲ. ರಾಜ್ಯ ಸರ್ಕಾರದ ದೃಢೀಕರಣ ಜಿಲ್ಲಾ ಕೇಂದ್ರದಲ್ಲಿಯೇ ಆಗಬೇಕು. ಜನನ ದಾಖಲೆಗಳು ಗಣಕಯಂತ್ರಕ್ಕೆ ಏರಿರುವಾಗ, ಸರ್ಕಾರ ತನ್ನದೇ ಅಧಿಕಾರಿಯ ರುಜುವನ್ನು ಗುರುತಿಸಲು ಕಾರ್ಮಿಕನನ್ನು ಊರೂರು ಅಲೆಸಬೇಕೇ? ಪ್ರತಿ ನೋಂದಣಿ ಕಚೇರಿಯ ಮುಂದೆ ಶುಲ್ಕದ ಫಲಕ ಕನ್ನಡದಲ್ಲಿ ಇರಬೇಕು. ಗುಮಾಸ್ತರ ಕೈತಪ್ಪಿನಿಂದ ಹೆಸರು ಕೆಟ್ಟರೆ ತಿದ್ದುವ ಖರ್ಚು ಮಗುವಿನ ತಂದೆಯ ತಲೆಗೆ ಬರಬಾರದು.

ಸರ್ಕಾರ ಕಣ್ಣು ತೆರೆಯುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮನೆಗೆ ಹೋದೊಡನೆ ಮಕ್ಕಳ ಜನನ ಪತ್ರ ತೆಗೆದು, ತಂದೆ ತಾಯಿಯರ ಹೆಸರಿನ ಒಂದೊಂದು ಅಕ್ಷರವನ್ನೂ ಬೇರೆ ದಾಖಲೆಗಳ ಜೊತೆ ಹೋಲಿಸಿ ನೋಡಿ. ಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಬೇಡಿ, ಅಪೊಸ್ಟೀಲ್ ಅಂಟಿಸುವುದು ಅದರ ಹಿಂಬದಿಗೆ. ಮೂಲ ಪತ್ರವನ್ನು ರಸೀದಿಯಿಲ್ಲದೆ ಯಾರ ಕೈಗೂ ಕೊಡಬೇಡಿ. ಓದು ಬಲ್ಲ ವ್ಯಾಪಾರಿ ಮಿತ್ರರು ವಾರಕ್ಕೊಂದು ಸಂಜೆ ಸಂಘದ ಕೋಣೆಯಲ್ಲಿ ಕುಳಿತು ಅರ್ಜಿ ಬರೆದುಕೊಟ್ಟರೆ ಎಷ್ಟೋ ಮನೆಗಳ ಹಣ ಉಳಿದೀತು. ಸರಕು ಹೊರದೇಶಕ್ಕೆ ಕಳಿಸುವ ವ್ಯಾಪಾರಿಯ ಪತ್ರಗಳಿಗೆ ವಾಣಿಜ್ಯ ಮಂಡಲಿ ಬೆನ್ನಿಗಿದೆ. ಕೂಲಿಕಾರನ ಮಗುವಿನ ಪತ್ರಕ್ಕೆ ಬೆನ್ನಾಗಿ ನಿಲ್ಲಬೇಕಾದವರು ನಾವು.

ಈ ಸಭೆ ಮುಗಿದ ಮೇಲೆ ಬೇಡಿಕೆಯ ಅರ್ಜಿ ಮೇಜಿನ ಮೇಲಿರುತ್ತದೆ. ರುಜು ಬಲ್ಲವರು ರುಜು ಹಾಕಿ, ಬಾರದವರು ಹೆಬ್ಬೆಟ್ಟು ಒತ್ತಿ. ಜಿಲ್ಲಾಧಿಕಾರಿಗಳ ಕಚೇರಿಗೆ ಅದನ್ನು ಎಲ್ಲರೂ ಕೂಡಿಯೇ ಒಯ್ಯೋಣ.