ಭದ್ರಾವತಿಯ ಉರುಳೆ ಯಾರ ಮಾತಿಗೆ ತಿರುಗಬೇಕು?

(ಲಚ್ಯಾಣದಲ್ಲಿ ಯುವಕರ ಎದುರು ಆಡಿದ ಮಾತಿನ ಬರಹರೂಪ)



ಬೆಂಗಳೂರು, ಹುಬ್ಬಳ್ಳಿ, ಪುಣೆಗಳಿಂದ ಊರಿಗೆ ಬಂದ ನಿಮ್ಮಲ್ಲಿ ಹಲವರು ಇದೇ ಲಚ್ಯಾಣದ ರೈಲು ನಿಲ್ದಾಣದಲ್ಲಿ ಇಳಿದವರು. ವಿಜಯಪುರ–ಸೊಲ್ಲಾಪುರದ ಆ ಹಳಿಯನ್ನು ಒಮ್ಮೆ ದಿಟ್ಟಿಸಿ ನೋಡಿ. ಅದು ಸುತ್ತಿಗೆಯಿಂದ ಬಡಿದದ್ದಲ್ಲ, ಉರುಳೆಗಳ ನಡುವೆ ಒತ್ತಿ ಎಳೆದ ಉಕ್ಕು. ಉಕ್ಕನ್ನು ಹೀಗೆ ಎಳೆಯುವ ಕಾರ್ಖಾನೆಯೇ ರೋಲಿಂಗ್ ಮಿಲ್. ಹಳಿಯಲ್ಲದಿದ್ದರೂ ಗಟ್ಟಿ ಮಿಶ್ರಲೋಹದ ಸರಳು ಎಳೆಯುವ ಅಂಥ ಮಿಲ್ಲು ನಮ್ಮ ಭದ್ರಾವತಿಯಲ್ಲಿದೆ. ಇವತ್ತು ಅದರ ಮಾತು.

ನಮ್ಮ ಕಡೆಯ ಕಬ್ಬಿನ ಗಾಣ ನೋಡಿದವರಿಗೆ ಇದು ಕಷ್ಟದ ವಿಷಯವಲ್ಲ. ಎರಡು ಉರುಳೆಗಳು ಎದುರುಬದುರಾಗಿ ತಿರುಗುತ್ತವೆ. ನಡುವಿನ ಸಂದು ಉಕ್ಕಿನ ದಿಮ್ಮಿಗಿಂತ ಕಿರಿದು. ದಿಮ್ಮಿಯನ್ನು ಕುಲುಮೆಯಲ್ಲಿ ಸುಮಾರು 1,200 ಡಿಗ್ರಿವರೆಗೆ ಕಾಯಿಸಿ ಆ ಸಂದಿಗೆ ನುಗ್ಗಿಸುತ್ತಾರೆ. ಒಂದೊಂದು ಸಲ ಹಾಯ್ದಾಗಲೂ ದಪ್ಪ ಇಳಿಯುತ್ತದೆ, ಉದ್ದ ಬೆಳೆಯುತ್ತದೆ. ಉರುಳೆಯಲ್ಲಿ ಕೊರೆದ ಗಾಡಿ ದುಂಡಗಿದ್ದರೆ ದುಂಡು ಸರಳು, ಚೌಕವಿದ್ದರೆ ಚೌಕ. ಬಿಸಿ ಆರಿದರೆ ಉಕ್ಕು ಬಗ್ಗುವುದಿಲ್ಲ, ಉರುಳೆಯೇ ಮುರಿದೀತು. ಕೆಂಪಿನ ಬಣ್ಣ ನೋಡಿಯೇ ಬಿಸಿ ಹೇಳುವ ಕಣ್ಣು ವರ್ಷಗಟ್ಟಲೆ ಪಳಗಿದ ಕೆಲಸಗಾರನದು. ಮಿಲ್ಲು ನಿಂತರೆ ಆ ಕಸುಬೂ ಅವನ ಜತೆಗೇ ನಿವೃತ್ತಿಯಾಗುತ್ತದೆ.

ಇನ್ನೊಂದು ಮಾತು ಮರೆಯಬೇಡಿ. ಕಬ್ಬಿಲ್ಲದ ಗಾಣ ಬರೀ ಕಬ್ಬಿಣ. ದಿಮ್ಮಿ ಬಾರದ ಮಿಲ್ಲೂ ಅಷ್ಟೆ.

ಇದನ್ನು ಕಟ್ಟಿದವರಿಗೆ ಅದು ಗೊತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಬೆಂಕಿಪುರವೆಂದು ಹೆಸರಿದ್ದ ಆ ಊರಿನಲ್ಲಿ, 1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಮರದ್ದು, ನೀರು ಭದ್ರೆಯದು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ನಷ್ಟದಲ್ಲಿದ್ದ ಕಾರ್ಖಾನೆಯನ್ನು ನೆಟ್ಟಗೆ ನಿಲ್ಲಿಸಿದರು. ಆಗಲೂ ನಷ್ಟವಿತ್ತು, ಆದರೆ ಬೀಗ ಹಾಕಲಿಲ್ಲ!

ಆಮೇಲೇನಾಯಿತು? 1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ, ಕೈಗೆ ಹೋಯಿತು. 1998ರಲ್ಲಿ ಅದರಲ್ಲೇ ಕರಗಿತು. ಹೆಸರು ವಿಶ್ವೇಶ್ವರಯ್ಯನವರದು, ತೀರ್ಮಾನ ದೆಹಲಿಯದು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಕಾರ್ಖಾನೆಗೆ ಸ್ವಂತ ಅದಿರಿಲ್ಲದಾಯಿತು. ಅದೇ ನಾಡಿನ ಸಂಡೂರು, ಹೊಸಪೇಟೆಯ ಅದಿರು ಮಾತ್ರ ಹಡಗು ಹತ್ತಿ ಚೀನಾಕ್ಕೆ ಹೋಯಿತು. ಅದಿರು ನಮ್ಮದು, ಹಸಿವೂ ನಮ್ಮದೇ!

2016ರಲ್ಲಿ ಮಾರಾಟದ ಮಾತು ಬಂತು. ಕೊಳ್ಳುವವರು ಸಿಗದೆ 2022ರಲ್ಲಿ ಅದನ್ನು ಕೈಬಿಟ್ಟರು. ನೂರು ತುಂಬಿದ ತಿಂಗಳಲ್ಲೇ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನ ಹೊರಬಿತ್ತು. ಇದು ಶತಮಾನೋತ್ಸವದ ಉಡುಗೊರೆ! ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಊರು ಬೀದಿಗಿಳಿಯಿತು. ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಆದರೆ ತಿರುಗಿದ್ದು ಬೇರೆ ರಾಜ್ಯದಿಂದ ತಂದ ದಿಮ್ಮಿಯ ಮೇಲೆ. 2024ರಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿಯವರು ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು.

ಗೆಳೆಯರೇ, ಗೇಟು ತೆರೆದರೆ ಸಾಕೆಂದು ಸುಮ್ಮನಾಗಬೇಡಿ. ಬೇರೆಯವರ ದಿಮ್ಮಿ ನಂಬಿದ ಮಿಲ್ಲನ್ನು ಯಾವತ್ತು ಬೇಕಾದರೂ ನಿಲ್ಲಿಸಬಹುದು. ನಮ್ಮ ಹಕ್ಕೊತ್ತಾಯ ಮೂರು: ಕರ್ನಾಟಕದ ಅದಿರಿನಲ್ಲಿ ಭದ್ರಾವತಿಗೆ ಸ್ವಂತ ಗಣಿ, ಉಕ್ಕು ಕರಗಿಸುವ ಕುಲುಮೆಗೆ ಬಂಡವಾಳ, ಕೆಲಸದಲ್ಲಿ ಕನ್ನಡಿಗರಿಗೆ ಮೊದಲ ಮಣೆ. ಮೂರನೆಯದನ್ನು ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ ಹೇಳಿದೆ. ಕೇಳಿಸಿಕೊಳ್ಳುವವರಿಗೆ ಕಿವಿ ಬೇಕಷ್ಟೆ.

ಲಚ್ಯಾಣಕ್ಕೂ ಭದ್ರಾವತಿಗೂ ಏನು ಸಂಬಂಧ ಎನ್ನುತ್ತೀರಾ? ಇಲ್ಲಿಯ ಹುಡುಗ ದುಡಿಮೆಗಾಗಿ ಪುಣೆಯ ರೈಲು ಹತ್ತುತ್ತಾನೆ. ನಾಡಿನೊಳಗೊಂದು ಕಾರ್ಖಾನೆ ಮುಚ್ಚಿದಾಗ ಆ ರೈಲಿನಲ್ಲಿ ನೂಕುನುಗ್ಗಲು ಇನ್ನಷ್ಟು ಹೆಚ್ಚುತ್ತದೆ. ಸಂಬಂಧ ಅದೇ.

ಉಕ್ಕು ಕಾದಾಗಲೇ ಬಗ್ಗುವುದು. ಬಿಸಿ ಆರಲು ಬಿಡಬೇಡಿ.

ಜೈ ಕರ್ನಾಟಕ!