ಕೆ.ಆರ್. ಪೇಟೆ ಒಂದೂರಾ, ಎರಡೂರಾ?

ನಾನು ಓದಿದ್ದು ಬಿ.ಕಾಂ. ಸಿ ಭಾಷೆ ಕಲಿತಿದ್ದು ಆಮೇಲೆ, ನನ್ನ ಪಾಡಿಗೆ ನಾನೇ. ಅದಕ್ಕೇ ಇವತ್ತು ನಾನು ಎಡವಿದ ಜಾಗದಿಂದಲೇ ಶುರು ಮಾಡ್ತೀನಿ.

ಸೋದರಮಾವನ ಬೆಲ್ಲದ ವ್ಯಾಪಾರಕ್ಕೆ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಬಾಕಿ ಲೆಕ್ಕ. ಹೆಸರುಗಳನ್ನ ಕಮಾಂಡ್ ಲೈನ್‌ನಲ್ಲಿ ಟೈಪ್ ಮಾಡೋದು. ಮೊತ್ತಗಳು ಅದೇ ಕ್ರಮದಲ್ಲಿ ಒಂದು ಅರೇಯಲ್ಲಿ ಇದ್ದವು. ಓಡಿಸಿದ್ರೆ, ನಾಗಮಂಗಲದ ದುಡ್ಡು 'ಪೇಟೆ' ಅನ್ನೋ ಊರಿನ ಹೆಸರಿಗೆ ಹೋಗಿದೆ! ನಾಗಮಂಗಲದ ಎದುರು ಏನೋ ಕಸದ ಸಂಖ್ಯೆ. ಆ ಪಟ್ಟಿ ಹಿಡ್ಕೊಂಡು ಮಾವ ವಸೂಲಿಗೆ ಹೋಗಿದ್ರೆ ಜಗಳಾನೇ ಆಗ್ತಿತ್ತು.

ಆಗಿದ್ದು ಇಷ್ಟೇ. ಮೇನ್ ಫಂಕ್ಷನ್‌ಗೆ ಎರಡು ವಿಷಯ ಬರುತ್ತೆ. ಆರ್ಗ್‌ಸಿ ಅಂದ್ರೆ ಎಷ್ಟು ಪದ ಬಂದಿವೆ ಅನ್ನೋ ಎಣಿಕೆ. ಆರ್ಗ್‌ವಿ ಅಂದ್ರೆ ಆ ಪದಗಳ ವಿಳಾಸಗಳ ಸಾಲು. ಸೊನ್ನೆಯ ಜಾಗದಲ್ಲಿ ಸಾಮಾನ್ಯವಾಗಿ ಪ್ರೋಗ್ರಾಂ ಹೆಸರೇ ಇರುತ್ತೆ. ಹಾಗಾಗಿ ನಾಲ್ಕು ಊರಿಗೆ ಎಣಿಕೆ 5 ಬರಬೇಕು. ನನಗೆ 6 ಬಂದಿತ್ತು. ಯಾಕಂದ್ರೆ ಶೆಲ್ ಖಾಲಿ ಜಾಗ ಕಂಡಲ್ಲಿ ಪದ ಒಡೆಯುತ್ತೆ. 'ಕೆ.ಆರ್.' ಒಂದು, 'ಪೇಟೆ' ಇನ್ನೊಂದು. ಐದನೇ ಹೆಸರಿಗೆ ಮೊತ್ತವೇ ಇರಲಿಲ್ಲ. ಅರೇ ದಾಟಿ ಓದಿದ್ರೂ ಸಿ ಭಾಷೆ ತಡೆಯಲ್ಲ. ಪರಿಹಾರ: ಹೆಸರಿಗೆ ಜೋಡಿ ಉದ್ಧರಣ ಚಿಹ್ನೆ ಹಾಕಿ, ಎಣಿಕೆ 5 ಇಲ್ಲದಿದ್ರೆ ಮೊದಲ ಸಾಲಲ್ಲೇ ಪ್ರೋಗ್ರಾಂ ನಿಲ್ಲಿಸಿ.

ಇನ್ನೊಂದು ಹಳ್ಳ ಇದೆ. ನಾಗಮಂಗಲ ಅಂತ ಇಂಗ್ಲಿಷಲ್ಲಿ ಬರೆದ್ರೆ 11 ಅಕ್ಷರ, ಕೊನೆಯ ಸೊನ್ನೆ ಸೇರಿ 12 ಬೈಟ್ ಸಾಕು. ಕನ್ನಡದಲ್ಲಿ ಕಣ್ಣಿಗೆ ಕಾಣೋದು ಐದೇ ಅಕ್ಷರ. ಆದ್ರೆ ಯುಟಿಎಫ್-8ರಲ್ಲಿ ದೀರ್ಘ, ಅನುಸ್ವಾರ ಎಲ್ಲಾ ಬೇರೆ ಬೇರೆ, ಒಂದೊಂದಕ್ಕೂ 3 ಬೈಟ್. ಒಟ್ಟು 21, ಸೊನ್ನೆ ಸೇರಿ 22. ಶ್ರೀರಂಗಪಟ್ಟಣಕ್ಕೆ 37! 12ರ ಡಬ್ಬಿಗೆ ಸ್ಟ್ರಿಂಗ್ ಕಾಪಿ ಮಾಡಿದ್ರೆ ಪಕ್ಕದ ಮೆಮೊರಿ ಹಾಳು. ಬರೀ ಓದೋಕಾದ್ರೆ ನಕಲೇ ಬೇಡ, ಆರ್ಗ್‌ವಿ ಕೊಟ್ಟ ವಿಳಾಸ ಪ್ರೋಗ್ರಾಂ ಮುಗಿಯೋವರೆಗೂ ಇರುತ್ತೆ. ಎರಡು ಹೆಸರು ಹೋಲಿಸೋಕೆ ಸ್ಟ್ರ್‌ಕಂಪ್ ಬಳಸಿ. ಎರಡು ಸಮ ಚಿಹ್ನೆ ಹಾಕಿದ್ರೆ ಅದು ವಿಳಾಸ ಹೋಲಿಸುತ್ತೆ, ಹೆಸರನ್ನಲ್ಲ.

ಕಾಮರ್ಸ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದೂ ಇದೇ ಅಲ್ವಾ? ಮೊತ್ತ ಕೂಡೋಕೆ ಮುಂಚೆ ಸಾಲು ಎಣಿಸಿ. ಮತ್ತೆ ಸಿಗೋಣ.